ದೀಪದ ಕಂಪನಿ

೭ ಸೆಪ್ಟೆಂಬರ್ ೨೦೨೫, ರವಿವಾರ

ಮಾನ ಹರಾಜಾತು. ಹತ್ತೊಂಬತ್ತು ವರ್ಷ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾದ ಸುಳ್ಳು ಇವತ್ತ ಮಧ್ಯಾಹ್ನ ನಾರಾಯಣಸ್ವಾಮಿ ಮನಿ ಸೋಫಾದ ಮ್ಯಾಲ, ಚಕ್ಕುಲಿ ತಿನ್ನೂ ಹೊತ್ತಿನ್ಯಾಗ ಜೀವ ಬಿಟ್ಟಿತು.

ಲಂಡನ್ನಿನ ನಮ್ಮ ಕನ್ನಡ ಸಂಘದ ಕಮಿಟಿ ಮೀಟಿಂಗ್ ಇತ್ತು. ನವೆಂಬರ್ ಹದಿನಾರಕ್ಕ ರಾಜ್ಯೋತ್ಸವ. ನಾರಾಯಣಸ್ವಾಮಿ ನಮ್ಮ ಅಧ್ಯಕ್ಷ. ಬೆಂಗಳೂರಿನಾಂವ, ಬ್ಯಾಂಕಿನ ಕಂಪ್ಯೂಟರ್ ಕೆಲಸಕ್ಕಂತ ಬಂದು ಇಲ್ಲೇ ಪಿನ್ನರ್‌ದಾಗ ಬೇರು ಬಿಟ್ಟಾಂವ. ಮೈಕ್ ಕಂಡ್ರ ಸಾಕು, ತನ್ನ ಸ್ವಂತ ಕೂಸಿನಂಗ ಎತ್ಕೋತಾನ, ಕೆಳಗ ಇಳಸೂದಿಲ್ಲ. ನಾನು ಸಂಘದ ಸನ್ಮಾನ ಪತ್ರ ಬರಿಯಾಂವ. ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟ ಮ್ಯಾಲ, ಕಟ್ಟು ಹಾಕಿಸಿದ ಪತ್ರಾನ ಮೈಕಿನ್ಯಾಗ ಓದಿ ಕೊಡೂದು ನನ್ನ ಕೆಲಸ. ಇಲ್ಲೀತನಕ ನೂರಾ ನಲವತ್ಮೂರು ಬರದೀನಿ. ಡಾಕ್ಟರು, ಕೌನ್ಸಿಲರು, ಇಡ್ಲಿ ಹಿಟ್ಟು ಮಾರಾಂವ, ಒಮ್ಮೆ ಹಾಲ್‌ನ ಕೀಲಿ ಕೊಡಾಕ ಬಂದು ಮುಂದಿನ ಸಾಲಿನ್ಯಾಗ ಕುಂತ ಪಾಪದ ಇಂಗ್ಲಿಷ್ ಮುದುಕ, ಯಾರನ್ನೂ ಬಿಟ್ಟಿಲ್ಲ.

"ಸಾರ್, ಈ ಸಲ ಸ್ಟಾರ್ ಸಿಕ್ಕಿದಾರೆ," ಅಂದ ನಾರಾಯಣಸ್ವಾಮಿ. "ನಮ್ಮ ಸಂದೀಪ್ ಹುಡುಕಿದ್ದು. ಡಚ್ ರಾಕ್ ಬ್ಯಾಂಡಲ್ಲಿ ನಮ್ಮ ಕನ್ನಡದ ಹೆಣ್ಮಗಳು ಡ್ರಮ್ಸ್ ಬಾರಿಸ್ತಾರಂತೆ! ಮೂವತ್ತಮೂರು ವರ್ಷದ ಬ್ಯಾಂಡು. ಇದು ಅವರ ಕೊನೇ ಟೂರು. ನವೆಂಬರ್ ಹದಿನಾಲ್ಕು ಶುಕ್ರವಾರ ಸ್ಟ್ರಾಟ್‌ಫರ್ಡಲ್ಲಿ ಶೋ ಇದೆ. ಭಾನುವಾರ ನಮ್ಮ ಹಾಲ್‌ಗೆ ಕರೆಸ್ಬಿಡೋಣ."

ಸಂದೀಪ್ ಅಂದ್ರ ಅವನ ಮಗ. ಅವನ ಹುಡುಕಾಟಕ್ಕ ಬೆಂಕಿ ಬೀಳ. ನಾರಾಯಣಸ್ವಾಮಿ ಫೋನ್ ತಿರುಗಿಸಿ ಎಲ್ಲಾರಿಗೂ ತೋರಿಸಿದ. ಬೆಳ್ಳನ ಕೂದಲದ ಮೂರು ಡಚ್ಚರು, ಅವ್ರ ನಡುವ ನನ್ನ ಮಗಳು ನಿಖಿತಾ. ನಲವತ್ತೆರಡು ವಯಸ್ಸಿನಾಕಿ, ನಾಲಿಗಿ ಹೊರಗ ಚಾಚಿ ನಿಂತಾಳ.

"ಜಗದೇವಪ್ಪನವರೇ, ಇವರು ನಿಮ್ಮ ನಿಖಿತಾ ಅಲ್ವಾ? ಹಾಲೆಂಡಲ್ಲಿ ಯಾವುದೋ ದೀಪದ ಕಂಪನೀಲಿ ಇದಾರೆ ಅಂತಿದ್ರಿ?"

ಕೈಯಾಗಿನ ಚಕ್ಕುಲಿ ತಾಟಿನ್ಯಾಗ ಇಟ್ಟೆ. "ಅದೂ ಐತಿ, ಇದೂ ಐತಿ," ಅಂದೆ. ಬೈತಾರ, ನಗತಾರ ಅಂದ್ಕೊಂಡಿದ್ದೆ. ಎಲ್ಲಾರೂ ಚಪ್ಪಾಳಿ ಹೊಡದ್ರು! ಮೂಗು ಮುರದಿದ್ರ ತಡಕೋಬಹುದಿತ್ತು. ಮ್ಯಾಲ ನಾರಾಯಣಸ್ವಾಮಿ ಅಂತಾನ, "ಪತ್ರ ನೀವೇ ಬರೀಬೇಕು ಸಾರ್. ಮಗಳಿಗೆ ತಂದೆಯಿಂದ್ಲೇ ಸನ್ಮಾನ ಪತ್ರ. ಏನ್ ಫೋಟೋ ಬರುತ್ತೆ ಗೊತ್ತಾ!"

೮ ಸೆಪ್ಟೆಂಬರ್, ಸೋಮವಾರ

ರಾತ್ರಿ ನಿದ್ದಿ ಹತ್ತಲಿಲ್ಲ. ಇಲ್ಲಿ ಯಾರೂ ಓದೂದಿಲ್ಲ, ಹಿಂಗಾಗಿ ಇದ್ದದ್ದು ಬರಿತೀನಿ.

ಆ ಬ್ಯಾಂಡಿನ ಹೆಸರು ಆಖ್ತರ್‌ಲಿಖ್ತ್. ಡಚ್ ಭಾಷಾದಾಗ ಸೈಕಲ್ಲಿನ ಹಿಂದಿನ ದೀಪ ಅಂತ. ದೀಪದ ಕಂಪನಿ ಅನ್ನೂದು ಹಂಗಾರ ಪೂರಾ ಸುಳ್ಳಲ್ಲ, ಅರ್ಧ ಖರೆ. ಇಲೆಕ್ಟ್ರಿಕಲ್ ಎಂ.ಎಸ್ಸಿ. ಮಾಡಂತ ಹಾಲೆಂಡಿನ ಐಂಡ್‌ಹೋವನ್‌ಗೆ ಕಳಿಸಿದ್ದೆ. ಇನ್ನ ಮೂರು ತಿಂಗಳಿಗೆ ಡಿಗ್ರಿ ಕೈಗೆ ಬರ್ತಿತ್ತು. ೨೦೦೬ರಾಗ ಬಿಟ್ಟು ಬ್ಯಾಂಡ್ ಸೇರಿದ್ಲು. ಲಂಡನ್‌ದಾಗ ಅಕಿ ಮೊದಲನೇ ಶೋ ಆದಾಗ, "ಅಪ್ಪಾ, ಬಾ, ಒಮ್ಮೆ ನೋಡು, ಆಮ್ಯಾಲ ಬೈ" ಅಂತ ಇ-ಮೇಲ್ ಹಾಕಿದ್ಲು. ಅದಕ್ಕ ನಾ ಕೊಟ್ಟ ಉತ್ತರಾನ ಇವತ್ತ ಹುಡುಕಿ ತಗದೆ. ಇಂಗ್ಲಿಷ್‌ದಾಗ ಐತಿ. ಕನ್ನಡಕ್ಕ ಹಾಕಿದ್ರ ಹಿಂಗ:

"ನಿಮ್ಮ ಮನವಿಯನ್ನು ಪರಿಶೀಲಿಸಲಾಗಿದೆ. ಒದಗಿಸಿದ ಕಾರಣಗಳು ತೃಪ್ತಿಕರವಾಗಿಲ್ಲ. ಈ ನಿರ್ಧಾರ ಅಂತಿಮ."

ಅವಾಗ ನಾನು ಇಲ್ಲಿನ ನಗರಸಭಾ, ಅಂದ್ರ ಕೌನ್ಸಿಲ್‌ನ ಪಾರ್ಕಿಂಗ್ ಸೆಕ್ಷನ್ನಿನ್ಯಾಗ ಇದ್ದೆ. ದಂಡ ಬಿದ್ದವ್ರು ಮಾಫಿ ಮಾಡ್ರಿ ಅಂತ ಅರ್ಜಿ ಬರೀತಿದ್ರು, ಆಗೂದಿಲ್ಲ ಅಂತ ನಾ ಬರೀತಿದ್ದೆ. ಇಪ್ಪತ್ತಾರು ವರ್ಷ ಅದ ಕೆಲಸ. ಹೆಂಡ್ತಿಗೆ ಬ್ಯಾನಿ ಬಂದಿತ್ತು ಅಂತ ಬರದ್ರ, ದಾಖಲೆ ಕಳಿಸ್ರಿ ಅಂತಿದ್ದೆ. ಕೈಗೆ ರೂಢಿ ಆಗಿತ್ತು, ಮಗಳಿಗೂ ಹಂಗ ಬರೀತು. ಬರವಣಿಗಿ ಮಾತ್ರ ಛಲೋ ಐತಿ, ಒಂದ ಅಕ್ಷರ ಹೆಚ್ಚಿಲ್ಲ.

ಆವಾಗಿಂದ ನಿಖಿತಾ ನನ್ನ ಕೂಡ ಕನ್ನಡ ಬಿಟ್ಟಾಳ. ದೀಪಾವಳಿಗೆ ಬರ್ತಾಳ, ಅಡಗಿಮನ್ಯಾಗ ಅವ್ವನ ಕೂಡ ಕನ್ನಡದಾಗ ಕಲಕಲ ಅಂತ ನಗತಾಳ. ನಾ ಒಳಗ ಹೋದ್ನೆಂದ್ರ ಇಂಗ್ಲಿಷ್‌ನ್ಯಾಗ ಹವಾಮಾನ ಹೇಳ್ತಾಳ.

ನಮ್ಮಾಕಿ ಗಿರಿಜಾಗ ನಿನ್ನಿ ಮೀಟಿಂಗಿನ ಸುದ್ದಿ ಹೇಳಿದೆ. ಎದಿ ಬಡ್ಕೋತಾಳ ಅಂತ ಮಾಡಿದ್ದೆ. "ಹೌದೇನ್ರಿ? ಬರ್ಲಿ ಬಿಡ್ರಿ, ಛಲೋ ಆತು," ಅಂದ್ಲು, ಅಷ್ಟ. ಅಕಿಗೆ ಕರಿಬೇವಿನ ಚಿಂತಿ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಟೂಟಿಂಗ್‌ಗೇ ಹೋಗಿ ತರಬೇಕು. ಮಗ್ಗಲದ ಹ್ಯಾರೋದಾಗ ಸಿವುಡು ಸಿವುಡು ಸಿಗತೈತಿ, ಬ್ಯಾಡಂತ. ಊರ ಆ ತುದಿಗೆ ಸಂಜಿಕ್ಕ ಹೋದಾಕಿ ಹನ್ನೊಂದಕ್ಕ ಬರ್ತಾಳ. ಈ ಸಲ ನವೆಂಬರ್ ಹದಿನಾಕಕ್ಕ ಹೋಗಾಕಿ ಅದಾಳಂತ, ಕ್ಯಾಲೆಂಡರ್‌ದಾಗ ಗುರ್ತು ಹಾಕ್ಯಾಳ. ಕರಿಬೇವಿಗೂ ಮುಹೂರ್ತ!

೧೪ ಸೆಪ್ಟೆಂಬರ್, ರವಿವಾರ

ಪತ್ರ ಬರೀಬೇಕಂದ್ರ ಸಾಧನೆ ಬೇಕು. ಇಡೀ ವಾರ ಕಂಪ್ಯೂಟರಿನ ಮುಂದ ಕುಂತು ಹುಡುಕಿದೆ. ಯಪ್ಪಾ, ಇಂಥಾ ಸಾಧಕರನ್ನ ನಾ ನನ್ನ ಜೀವಮಾನದಾಗ ಕಂಡಿಲ್ಲ.

೧೯೯೨ರಾಗ ವಿಲ್ಲೆಮ್ ಅನ್ನಾಂವ, ಅವ್ರಪ್ಪನ ಸೈಕಲ್ ಅಂಗಡಿ ಹಿಂದಿನ ಶೆಡ್ಡಿನ್ಯಾಗ ಈ ಬ್ಯಾಂಡ್ ಚಾಲೂ ಮಾಡಿದ. ದೀಪ ಇಲ್ಲದ ಸೈಕಲ್ ಹೊಡದದ್ದಕ್ಕ ಪೊಲೀಸರು ಹಿಡದಿದ್ರಂತ, ಅದಕ್ಕ ಈ ಹೆಸರು. ಅಂಥಾದ್ದಕ್ಕೆಲ್ಲ ಬ್ಯಾಂಡ್ ಕಟ್ಟೂದಾದ್ರ ಸಿಂದಗಿ ತಾಲೂಕಿನ್ಯಾಗ ನಾ ಆರು ಬ್ಯಾಂಡ್ ಕಟ್ಟಬೇಕಾಗಿತ್ತು. ೧೯೯೭ರಾಗ ಅವ್ರದೊಂದು ಹಾಡು ಬೆಲ್ಜಿಯಂ ರೇಡಿಯೋ ಪಟ್ಟಿಯೊಳಗ ಮೂವತ್ತೆಂಟನೇ ನಂಬರಿಗೆ ಬಂದು, ಒಂದ ವಾರ ನಿಂತು ಇಳೀತು. ಆ ಒಂದ ವಾರದ ಮ್ಯಾಲ ಇಪ್ಪತ್ತೆಂಟು ವರ್ಷ ನಡಸ್ಯಾರ.

ಇವ್ರದು "ಇಂಡಿ" ರಾಕ್ ಅಂತ. ನಮ್ಮ ಜಿಲ್ಲಾದಾಗ ಇಂಡಿ ಅಂದ್ರ ನಿಂಬಿಹಣ್ಣಿನ ತಾಲೂಕು. ಇಲ್ಲಿ ನೋಡಿದ್ರ, ದೊಡ್ಡ ಕಂಪನಿ ಹಂಗಿಲ್ಲದವ್ರು ಅಂತ ಅರ್ಥ. ದೊಡ್ಡ ಕಂಪನಿಯವ್ರು ಕರೀಲಿಲ್ಲ ಅನ್ನೂದಕ್ಕ ಇಷ್ಟು ಮರ್ಯಾದಿ ಹೆಸರು ಇಡಬಹುದು ಅಂತ ನನಗ ಗೊತ್ತಿದ್ದಿಲ್ಲ. ನಾವು ಸುಮ್ನ ನೌಕರಿ ಸಿಗಲಿಲ್ಲ ಅಂತಿದ್ವಿ.

ಒಂಬತ್ತು ರೆಕಾರ್ಡ್, ಆರು ವ್ಯಾನ್. ಸಂಗೀತದ ಹಬ್ಬಕ್ಕ ಕರದ್ರ ಮಧ್ಯಾಹ್ನ ಎರಡಕ್ಕ, ಮಳ್ಯಾಗ, ಮಂದಿ ಇನ್ನೂ ಡೇರೆ ಹೊಡೀತಿರಬೇಕಾದ್ರ ಇವ್ರ ಹಾಡು. ೨೦೧೪ರಾಗ ಅವ್ರ ರೆಕಾರ್ಡ್ ಕಂಪನಿನೂ ಮುಚ್ಚಿತು. ಪೋಲಂಡಿನ ಒಂದು ಊರಾಗ ಹನ್ನೊಂದು ಮಂದಿ ಬಂದಿದ್ರಂತ, ಅದರಾಗ ನಾಕು ಮಂದಿ ಕ್ಯಾಂಟೀನಿನವ್ರು. ಯಾವನೋ ಪೇಪರ್‌ನಾಂವ ಇವ್ರ ಬಗ್ಗೆ "ಕೆಟ್ಟದಾಗೇನೂ ಇಲ್ಲ" ಅಂತ ಬರದಾನ. ಅದನ್ನ ತಮ್ಮ ವೆಬ್‌ಸೈಟಿನ ತಲಿಮ್ಯಾಲ ಇಷ್ಟ ದಪ್ಪ ಅಕ್ಷರದಾಗ ಹಾಕ್ಕೊಂಡಾರ.

ಮೊದಲಿನ ಡ್ರಮ್ಮರ್ ೨೦೦೬ರಾಗ ಬಿಟ್ಟು ಹೋಗಿ ಹಲ್ಲಿನ ಡಾಕ್ಟರ್ ಆದ. ಆ ಬ್ಯಾಂಡಿನ್ಯಾಗ ಬುದ್ಧಿ ಇದ್ದಾಂವ ಅವನೊಬ್ಬನ. ಅವನ ಜಾಗಾಕ್ಕ ಹೋಗಿ ಕುಂತಾಕಿ ನನ್ನ ಮಗಳು.

೧೮ ಸೆಪ್ಟೆಂಬರ್, ಗುರುವಾರ

ಮೊದಲಿನ ರೆಕಾರ್ಡ್ ಕೇಳಿದೆ. ತಲಿ ಕೆಟ್ಟು ಮೊಸರಾತು.

೧೯ ಸೆಪ್ಟೆಂಬರ್, ಶುಕ್ರವಾರ

ಎರಡನೇದು. ಅದ ಮೊಸರು.

೨೫ ಸೆಪ್ಟೆಂಬರ್, ಗುರುವಾರ

ಐದನೇದರಿಂದ ನಿಖಿತಾ ಬಾರಿಸ್ಯಾಳ. ವಿಲ್ಲೆಮ್ ಮೂಗಿನ್ಯಾಗ ಹಾಡ್ತಾನ, ನೆಗಡಿ ಆದ ಎಮ್ಮಿ. ಆದ್ರ ಹಿಂದ ಡ್ರಮ್ಮು ಒಂದ ಸಮ ನಡೀತೈತಿ, ಎಲ್ಲೂ ಹಾರೂದಿಲ್ಲ, ಎಲ್ಲೂ ಮೆರಿಯೂದಿಲ್ಲ. ಆರನೇ ರೆಕಾರ್ಡಿನ ಮೂರನೇ ಹಾಡು ನಾಕ ಸಲ ಕೇಳಿದೆ. ಪತ್ರದ ಸಲುವಾಗಿ.

೨೮ ಸೆಪ್ಟೆಂಬರ್, ರವಿವಾರ

ಪತ್ರ ಬರದು ಮುಗಿಸಿದೆ. "ಕಲಾದೇವಿಯ ವರಪುತ್ರಿಯೂ, ಲಯಲೋಕದ ಧ್ರುವತಾರೆಯೂ, ಸಪ್ತಸಾಗರದಾಚೆ ಕನ್ನಡದ ಕೀರ್ತಿಪತಾಕೆಯನ್ನು ಹಾರಿಸಿದವರೂ ಆದ ತಾವು, ತಂದೆ-ತಾಯಿಯರ ನಿರಂತರ ಪ್ರೋತ್ಸಾಹದ ನೆರಳಿನಲ್ಲಿ ಬೆಳೆದು..." ಭಾರಿ ಆಗೇತಿ ಅನಿಸಿ ಗಿರಿಜಾಗ ಓದಿ ಹೇಳಿದೆ. ಅಕಿ ಅವರಿಕಾಯಿ ಬಿಡಿಸ್ಕೋತ ಕುಂತಿದ್ಲು.

"ಹೋದ ವರ್ಷ ಆ ಕಿವಿ ಡಾಕ್ಟರಿಗೆ ಓದಿದ್ದು ಇದ ಅಲ್ಲೇನ್ರಿ?"

"ಅದರಾಗ ಲಯಲೋಕ ಇದ್ದಿಲ್ಲ. ವೈದ್ಯಲೋಕ ಇತ್ತು."

"ನಮ್ಮ ವಾಷಿಂಗ್ ಮಶೀನಿಗೆ ಓದಿದ್ರೂ ಹೊಂದತೈತಿ ನೋಡ್ರಿ ಇದು." ಒಂದು ಕಾಯಿ ಬಿಡಿಸಿದ್ಲು. "ನಿರಂತರ ಪ್ರೋತ್ಸಾಹ ಅಂದ್ರಿ, ಯಾವ ತಂದಿದು?"

ಸಿಟ್ಟು ಬಂತು, ಎದ್ದು ಬಂದೆ. ಆ ಸಾಲು ಎಲ್ಲಾ ಪತ್ರದಾಗೂ ಇರತೈತಿ. ನೂರಾ ನಲವತ್ಮೂರು ಮಂದಿ ಒಬ್ಬರೂ ಅದನ್ನ ಕೇಳಿಲ್ಲ.

೪ ಅಕ್ಟೋಬರ್, ಶನಿವಾರ

ನಿಖಿತಾ ಫೋನ್ ಮಾಡಿದ್ಲು. ನಾನಾಗಿ ಮಾಡಬೇಕಂತ ಹದಿನೈದು ದಿನದಿಂದ ಫೋನ್ ನೋಡ್ಕೋತ ಕುಂತಿದ್ದೆ. ಅಕಿ ಇಂಗ್ಲಿಷ್‌ನ್ಯಾಗ ಅಂದದ್ದನ್ನ ಕನ್ನಡದಾಗ ಬರಿತೀನಿ.

"ನನಗೊಬ್ಬಾಕಿಗೆ ಶಾಲು ಹೊದಿಸ್ತೀರಂದ್ರ ನಾ ಬರೂದಿಲ್ಲ. ನಾಕೂ ಮಂದಿಗೆ ಹೊದಿಸ್ರಿ."

"ರಾಜ್ಯೋತ್ಸವ ಅದು. ಡಚ್ಚರಿಗೆ ಪೇಟ ಹೆಂಗ ಇಡೂದು?"

"ಹತ್ತೊಂಬತ್ತು ವರ್ಷ ನನ್ನ ಡ್ರಮ್ಮು ವ್ಯಾನಿಗೆ ಏರಿಸಿದವ್ರು ಅವ್ರು. ನ್ಯುಮೋನಿಯಾ ಆದಾಗ ಎಂಟು ದಿನ ಆಸ್ಪತ್ರ್ಯಾಗ ಕುಂತವ್ರೂ ಅವ್ರ."

"ನಿನಗ ನ್ಯುಮೋನಿಯಾ ಯಾವಾಗ ಆಗಿತ್ತು?"

"ಹನ್ನೆರಡನೇ ಇಸವಿ."

ಹನ್ನೆರಡನೇ ಇಸವಿಯ ಡೈರಿ ತಗದು ನೋಡಿದೆ. ಒಲಿಂಪಿಕ್ಸ್‌ನಾಗ ಪಾರ್ಕಿಂಗ್ ಗದ್ದಲ ಬರದೀನಿ, ಹತ್ತು ಪುಟ.

ಫೋನ್ ಇಡೂ ಮುಂದ ಅಂದ್ಲು, "ಪತ್ರದಾಗ ಖರೆ ಇದ್ದದ್ದು ಬರೀರಿ. ಅಪ್ಪ ಬೆನ್ನು ತಟ್ಟಿದ, ಅಪ್ಪ ಬೆಳೆಸಿದ ಅಂತ ನೀವು ಅಲ್ಲಿ ಓದಿದ್ರ, ನಾ ಸ್ಟೇಜ್ ಮ್ಯಾಲಿಂದ ಎದ್ದು ಹೋಗ್ತೀನಿ. ಟೂರಿನ ಸಲುವಾಗಿ ಈ ಸಲ ದೀಪಾವಳಿಗೆ ಹೆಂಗೂ ಬರಾಕ ಆಗೂದಿಲ್ಲ, ಆಮ್ಯಾಲ ಎಂದೂ ಬರೂದಿಲ್ಲ."

ಅಕಿ ಸುಮ್ನ ಹೆದರಸಾಕಿ ಅಲ್ಲ. ಅಂದಂಗ ಮಾಡ್ತಾಳ. ನನ್ನ ಮಗಳು ಅಕಿ. ಸುಳ್ಳು ಓದಿದ್ರ ಮಗಳು ಹೋದ್ಲು. ಖರೆ ಓದಿದ್ರ ಇಷ್ಟ ವರ್ಷ ಸಂಘದಾಗ ಗಳಿಸಿದ ಹೆಸರು ಹೋತು. ನಾರಾಯಣಸ್ವಾಮಿಗೆ ಫೋಟೋ ಎರಡರಾಗೂ ಸಿಗತೈತಿ.

೫ ಅಕ್ಟೋಬರ್, ರವಿವಾರ

ಇದನ್ನ ಇಲ್ಲಿಯೂ ಎಂದೂ ಬರದಿಲ್ಲ. ನಮ್ಮಪ್ಪ ದಾನಪ್ಪ ಕರಡಿ ಬಾರಸ್ತಿದ್ದ. ಕರಡಿ ಅಂದ್ರ ಕೊಳ್ಳಾಗ ಹಾಕ್ಕೊಂಡು ಬಾರಸೂ ಚರ್ಮದ ವಾದ್ಯ. ಸುತ್ತ ಹತ್ತು ಹಳ್ಳಿ ಮದುವಿ ಮೆರವಣಿಗಿಗೆ ಅವನ ಮೇಳ ಬೇಕು. ಮೂರು ತಾಸು ಬಿಸಲಾಗ ಬಾರಸ್ತಿದ್ದ, ತಲಿ ಎಡಕ್ಕ ವಾಲಿಸಿ, ಮಗ್ಗಲದಾಗ ಯಾರೋ ಕಿವಿಯೊಳಗ ಮಾತಾಡ್ತಾರ ಅನ್ನೂವಂಗ. ಆಮ್ಯಾಲ ಊಟಕ್ಕ ಕಡೇ ಪಂಕ್ತಿ. ಬಾರಸಾವ್ರಿಗೆ ಯಾವತ್ತೂ ಕಡೇ ಪಂಕ್ತಿನ. ಹೋಳಗಿ ಮುಗದಿರ್ತಿತ್ತು. ತಳದಾಗಿನ ಅನ್ನ, ನೀರು ಬೆರಸಿದ ಸಾರು. ನಾ ಎಂಟು ವರ್ಷದಾಂವ, ಅವನ ಮಗ್ಗಲಕ್ಕ ಕುಂತು ಮುಂದಿನ ಪಂಕ್ತಿಯವ್ರು ಎಲಿ ಮಡಚಿ ಏಳೂದನ್ನ ನೋಡ್ತಿದ್ದೆ. ಅಪ್ಪ ನಕ್ಕೋತ ಉಣ್ತಿದ್ದ. ಅವನ ಆ ನಗಿ ನನಗ ತಡಕೊಳ್ಳಾಕ ಆಗ್ತಿದ್ದಿಲ್ಲ.

ಅದನ್ನ ದಾಟಾಕಂತ ಓದಿದೆ, ಅದನ್ನ ದಾಟಾಕಂತ ಲಂಡನ್‌ಗೆ ಬಂದೆ. ಮಗಳು ತಿರುಗಿ ಹೋಗಿ ಅಲ್ಲೇ ಕುಂತ್ಲು. ನನಗ ಸಿಟ್ಟು ಬರಬಾರದೇನು?

೧೨ ಅಕ್ಟೋಬರ್, ರವಿವಾರ

ಕಮಿಟಿ ಮೀಟಿಂಗ್. ಡಚ್ಚರಿಗೆ ಪೇಟ ಇಡಬಹುದೋ ಇಲ್ಲೋ ಅಂತ ಒಂದೂವರಿ ತಾಸು ಚರ್ಚೆ. ಕನ್ನಡದ ಅಸ್ಮಿತೆ, ನಾಡಿನ ಘನತೆ, ಎಲ್ಲಾ ಬಂದು ಹೋತು. ಕಡೀಕ ನಾರಾಯಣಸ್ವಾಮಿಗೆ ಹೊಳೀತು, "ಬಿಳಿ ತಲೆ ಮೇಲೆ ಪೇಟ ಫೋಟೋಲಿ ಚೆನ್ನಾಗಿ ಬರುತ್ತೆ ಅಲ್ವಾ ಸಾರ್?" ಅಸ್ಮಿತೆ ಅಲ್ಲಿಗೆ ಸುಮ್ನಾತು. ನಾಕ ಪೇಟ ಮಂಜೂರು.

ಊಟದ ವ್ಯವಸ್ಥಾನೂ ಠರಾಯಿಸಿದ್ರು. ಮೊದಲ ಪಂಕ್ತಿ ಕೌನ್ಸಿಲರ್, ಪ್ರಾಯೋಜಕರು, ಕಮಿಟಿ. ಕಲಾವಿದರು ಸಾಮಾನು ಕಟ್ಟಿ ಇಟ್ಟು ಬಂದ ಮ್ಯಾಲ. ಹೋದ ವರ್ಷ ಲೆಸ್ಟರಿಂದ ಬಂದ ಡೊಳ್ಳಿನ ತಂಡಕ್ಕ ಬರೇ ಅನ್ನ, ಉಪ್ಪಿನಕಾಯಿ ಸಿಕ್ಕಿತ್ತು. ಪಾಪ, ಸ್ಟೇಷನ್ ಹತ್ರ ಹೋಗಿ ಚಿಪ್ಸ್ ತಿಂದ್ರು. ಅವ್ರಿಗೆ ಸಿಗಬೇಕಾಗಿದ್ದ ಪಾಯಸ ನಾನೂ ಎರಡ ಸಲ ಹಾಕಿಸ್ಕೊಂಡಿದ್ದೆ. ಅವತ್ತ ಅಪ್ಪನ ಕಡೇ ಪಂಕ್ತಿ ನೆನಪಿಗೆ ಬರಲಿಲ್ಲ. ಇವತ್ತ ಯಾಕೋ ಬಂತು.

೨೬ ಅಕ್ಟೋಬರ್, ರವಿವಾರ

ವಿಲ್ಲೆಮ್‌ಗೆ ಫೋನ್ ಮಾಡಿದೆ. "ಮೂವತ್ತಮೂರು ವರ್ಷದಾಗ ನಿಮ್ಮ ಸಾಧನೆ ಏನು?" ಅಂತ ನೇರ ಕೇಳಿದೆ. ಏನೂ ಇಲ್ಲ ಅಂತಾನ ಅಂದ್ಕೊಂಡಿದ್ದೆ.

"ಎಲ್ಲಾ ಶೋ ಮಾಡೀವಿ," ಅಂದ. "ಯಾರೂ ಬರದಿದ್ರೂ ಮಾಡೀವಿ. ಒಂದ ಶೋ ರದ್ದು ಮಾಡಿದ್ದು, ೨೦೧೨ರಾಗ, ನಿಖಿತಾ ಆಸ್ಪತ್ರ್ಯಾಗ ಇದ್ಲಲ್ಲ, ಅವಾಗ. ಬ್ಯಾರೆ ಡ್ರಮ್ಮರ್‌ನ ಕರಕೊಳ್ರಿ ಅಂದ್ರು. ನಾವು ಒಲ್ಲೆ ಅಂದ್ವಿ."

"ಈಗ ಯಾಕ ಮುಗಸ್ತೀರಿ?"

"ನನ್ನ ಬಲಗಿವಿ ಹೋಗೇತಿ. ಯೋಸ್ಟ್ ಮೊಣಕಾಲು ವ್ಯಾನ್ ಹತ್ತಾಕ ಕೇಳೂದಿಲ್ಲ. ನಿಖಿತಾಗ ಮಾತ್ರ ಏನೂ ಆಗಿಲ್ಲ. ಅಕಿ ಇನ್ನ ಇಪ್ಪತ್ತು ವರ್ಷ ಬಾರಿಸ್ತಾಳ."

ಯೋಸ್ಟ್ ಅಂದ್ರ ಅವ್ರ ಬೇಸ್ ಗಿಟಾರಿನಾಂವ. ಈ ಮುದುಕನ ಕೂಡ ನಲವತ್ತು ನಿಮಿಷ ಮಾತಾಡಿದೆ. ಕೆಲಸ ಇಲ್ಲದ ಮಂದಿ ಇವ್ರು.

ಹಳೇ ಪತ್ರ ಹರದೆ. ಲಯಲೋಕಾನೂ ಹೋತು.

೧೫ ನವೆಂಬರ್, ಶನಿವಾರ

ನಿನ್ನಿದು ಬರೀತೀನಿ. ಮಧ್ಯಾಹ್ನ ಗಿರಿಜಾ ಜ್ವಾಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಚಟ್ನಿ ಕಟ್ಟಿ ಡಬ್ಬಿ ನನ್ನ ಕೈಗೆ ಕೊಟ್ಲು.

"ನನ್ನ ಮೊಣಕಾಲು ನೋಯ್ತಾವ. ಸ್ಟ್ರಾಟ್‌ಫರ್ಡ್‌ಗೆ ಒಯ್ದು ಹುಡುಗಿ ಕೈಗೆ ಕೊಟ್ಟು ಬರ್ರಿ."

"ಟೂಟಿಂಗ್?"

"ಈ ವರ್ಷ ಕರಿಬೇವು ಬ್ಯಾಡ."

ಕೊಟ್ಟು ತಿರುಗಿ ಬರೂ ವಿಚಾರದಾಗ ಹೋದೆ. ಪಿನ್ನರಿಂದ ಮೆಟ್ರೊಪಾಲಿಟನ್ ಲೈನಿನ ರೈಲು, ಆಮ್ಯಾಲ ಜೂಬಿಲಿ. ಆ ದೊಡ್ಡ ಶಾಪಿಂಗ್ ಸೆಂಟರಿನ್ಯಾಗ ಎರಡ ಸಲ ದಾರಿ ತಪ್ಪಿದೆ. ಶೋ ಇದ್ದದ್ದು ಒಂದು ಪಬ್ಬಿನ ಮ್ಯಾಲಿನ ಹಾಲಿನ್ಯಾಗ. ಬಾಗಲದಾಗ ಹಸರು ಕೂದಲದ ಹುಡುಗಿ ಒಂದು ಪಟ್ಟಿ ಹಿಡ್ಕೊಂಡು ನಿಂತಿದ್ಲು. ಹೆಸರು ಕೇಳಿದ್ಲು, ಹೇಳಿದೆ. ಬೆರಳು ಕೆಳಗ ಇಳೀತು, ನಿಂತಿತು.

"ಜಗದೇವಪ್ಪ, ಕೂಡ ಇನ್ನೊಬ್ಬರು. ಇದೀರಿ ನೀವು."

ನಾ ಬರ್ತೀನಂತ ಯಾರಿಗೂ ಹೇಳಿದ್ದಿಲ್ಲ. ಯಾರು ಬರಸಿದ್ರು ಅಂದೆ. ಡ್ರಮ್ಮರ್ ಅಂದ್ಲು.

ಅಷ್ಟರಾಗ ಕುಂಟ್ಕೋತ ಒಬ್ಬ ಎತ್ತರದ ಡಚ್ಚ ಬಂದ. ನನ್ನ ನೋಡಲಿಲ್ಲ, ಡಬ್ಬಿ ನೋಡಿದ. ನೋಡಿ, ಎರಡೂ ಕೈ ಜೋಡಿಸಿ, ನಮ್ಮ ಊರಾವ್ರಗತೆ ಕೇಳಿದ, "ಊಟಾ ಆತೇನ್ರಿ?"

ಡಬ್ಬಿ ಕೈಯಿಂದ ಜಾರೂದು ಸ್ವಲ್ಪದಾಗ ತಪ್ಪಿತು. ಅಂವ ಯೋಸ್ಟ್. ಅಂವ ಹೇಳಿದ್ದು ಇಷ್ಟು. ಲಂಡನ್‌ದಾಗ ಹದಿನಾಕು ಶೋ ಆಗ್ಯಾವ. ಹದಿನಾಕೂ ಸಲ ಪಟ್ಟಿಯೊಳಗ ನಿಖಿತಾ ನನ್ನ ಹೆಸರು ಬರಸ್ಯಾಳ, ಕೂಡ ಇನ್ನೊಬ್ಬರು ಅಂತ. ಹದಿನಾಕೂ ಸಲ ಆ ಇನ್ನೊಬ್ಬರು ಬಂದಾರ, ಇದ ಡಬ್ಬಿ ಹಿಡ್ಕೊಂಡು. ಪಟ್ಟಿಯೊಳಗ ಹೆಸರಿದ್ದವ್ರು ಬಂದದ್ದು ಇದ ಮೊದಲು.

ಹದಿನಾಕು ಸಲದ ಕರಿಬೇವು! ನನ್ನ ಹೆಂಡ್ತಿ ನನ್ನ ಮೂಗಿನ ಕೆಳಗ ಇಷ್ಟು ದೊಡ್ಡ ಸುಳ್ಳು ನಡಸ್ಯಾಳ. ನಾನ ಸಂಘದಾಗ ದೊಡ್ಡ ಸುಳ್ಳುಗಾರ ಅಂದ್ಕೊಂಡಿದ್ದೆ.

ಡಬ್ಬಿ ಯೋಸ್ಟ್ ಕೈಗೆ ಕೊಟ್ಟು ಒಳಗ ಹೋದೆ. ಕತ್ತಲಿತ್ತು, ಹಿಂದ ಕುಂತೆ. ಶೋಕ್ಕಿಂತ ಮೊದಲು ಸೌಂಡ್ ನೋಡ್ತಾರಂತ. ಒಬ್ಬಾಂವ "ಇನ್ನೊಮ್ಮೆ" ಅಂತಾನ, ನಿಖಿತಾ ಒಂದ ಡ್ರಮ್ಮಿಗೆ ಧಪ್ ಅಂತಾಳ. ಇನ್ನೊಮ್ಮೆ, ಧಪ್. ನಲವತ್ತು ಸಲ ಎಣಿಸಿದೆ. ಒಮ್ಮೆನೂ ಮಾರಿ ಗಂಟು ಹಾಕಲಿಲ್ಲ. ಆಮ್ಯಾಲ ನಾಕೂ ಮಂದಿ ಕೂಡಿ ಆರನೇ ರೆಕಾರ್ಡಿನ ಮೂರನೇ ಹಾಡು ಬಾರಸಿದ್ರು. ನಿಖಿತಾ ತಲಿ ಎಡಕ್ಕ ವಾಲಿಸಿದ್ಲು, ಮಗ್ಗಲದಾಗ ಯಾರೋ ಕಿವಿಯೊಳಗ ಮಾತಾಡ್ತಾರ ಅನ್ನೂವಂಗ. ಅಕಿ ನಮ್ಮಪ್ಪನ್ನ ನೋಡಿಲ್ಲ. ಅಕಿ ಹುಟ್ಟೂ ಮೊದಲ ಅಂವ ಸತ್ತಾನ. ನನಗ ಅಳು ಬಂತು. ಹೊಗಿ ಮಶೀನ್ ಹಚ್ಚಿದ್ರು ಅಂತ ಕಾಣತೈತಿ, ಅದಕ್ಕೂ ಇರಬಹುದು.

ಜೂಬಿಲಿ ಲೈನಿನ್ಯಾಗ ತೊಂದರಿ ಇರಬಹುದು ಅನಿಸಿ ಶೋ ಮುಗದು ಅವ್ರು ಡ್ರಮ್ಮು ಕಟ್ಟೂತನಕ ಹಿಂದಿನ ಕತ್ತಲದಾಗ ಅಲ್ಲೇ ಇದ್ದೆ.

ಮನಿಗೆ ಬಂದು ಗಿರಿಜಾನ್ನ ಕೇಳಿದೆ, "ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ," ಅಂದ್ಲು. "ಕರಿಬೇವು ಎಲ್ಲಿ ಅಂತನೂ ಒಮ್ಮೆ ಕೇಳಲಿಲ್ಲ ನೀವು."

ಖರೇನ. ಬರಿಗೈಲೆ ಬರ್ತಿದ್ಲು.

೧೭ ನವೆಂಬರ್, ಸೋಮವಾರ

ನಿನ್ನಿ ರಾಜ್ಯೋತ್ಸವ ಆತು. ಹ್ಯಾರೋದ ಶಾಲಿ ಹಾಲ್, ಮುನ್ನೂರು ಮಂದಿ, ನಾರಾಯಣಸ್ವಾಮಿ ಭಾಷಣ ಐವತ್ತು ನಿಮಿಷ. ಬ್ಯಾಂಡಿಗೆ ಮೂರ ಹಾಡಿನ ವ್ಯಾಳ್ಯಾ ಉಳೀತು. ಮುಂದಿನ ಸಾಲಿನ ಹೆಣ್ಮಕ್ಕಳು ಕಿವಿ ಮುಚ್ಚಿಕೊಂಡು ಮೊದಲನೇದು ಕೇಳಿದ್ರು, ಕೈ ತಗದು ಎರಡನೇದು, ಮೂರನೇದಕ್ಕ ತೊಡಿ ತಟ್ಟಿದ್ರು. ಕೌನ್ಸಿಲರ್ ಮೂರರಾಗೂ ನಿದ್ದಿ ಮಾಡಿದ್ರು.

ಆಮ್ಯಾಲ ಸನ್ಮಾನ. ನಾಕ ಕುರ್ಚಿ, ನಾಕ ಶಾಲು, ನಾಕ ಪೇಟ. ವಿಲ್ಲೆಮ್ ಪೇಟ ಕಣ್ಣಿನ ಮ್ಯಾಲ ಇಳೀತು. ಮೈಕ್ ನನಗ ಬಂತು. ಹೊಸ ಪತ್ರ ಗಿರಿಜಾಗೂ ತೋರಿಸಿದ್ದಿಲ್ಲ. ಪುಸ್ತಕದ ಕನ್ನಡದಾಗ ಬರದಿದ್ದೆ, ಹಂಗ ಓದಿದೆ.

"ಈ ನಾಲ್ವರು ಮೂವತ್ತಮೂರು ವರ್ಷದ ತಮ್ಮ ಬ್ಯಾಂಡಿನಲ್ಲಿ ಒಂದೇ ಒಂದು ಕಾರ್ಯಕ್ರಮ ರದ್ದು ಮಾಡಿದ್ದಾರೆ. ಅದು ನಿಖಿತಾ ಆಸ್ಪತ್ರೆಯಲ್ಲಿದ್ದಾಗ. ಹನ್ನೊಂದು ಜನ ಬಂದ ಊರಲ್ಲೂ ಪೂರ್ತಿ ಬಾರಿಸಿದ್ದಾರೆ. ನಿಖಿತಾ ಈ ಕೆಲಸವನ್ನು ತಂದೆಯ ಪ್ರೋತ್ಸಾಹ ಇಲ್ಲದೆ ಮಾಡಿದ್ದಾರೆ. ಮಗಳು ದೀಪದ ಕಂಪನಿಯಲ್ಲಿದ್ದಾಳೆ ಎಂದು ಆ ತಂದೆ ಹತ್ತೊಂಬತ್ತು ವರ್ಷ ಈ ಸಂಘಕ್ಕೆ ಸುಳ್ಳು ಹೇಳಿದ. ಹದಿನಾಲ್ಕು ಸಲ ಬಾಗಿಲ ಪಟ್ಟಿಯಲ್ಲಿ ಅವನ ಹೆಸರಿತ್ತು, ಅವನು ಹೋಗಲಿಲ್ಲ. ತನ್ನ ತಂದೆ ದಾನಪ್ಪ ಕರಡಿ ಬಾರಿಸುತ್ತಿದ್ದರು ಎಂಬುದನ್ನೂ ಅವನು ನಿಮ್ಮೆಲ್ಲರಿಂದ ಮುಚ್ಚಿಟ್ಟ. ತಪ್ಪು ಅವನದು. ಅವನು ನಾನು."

ನಾರಾಯಣಸ್ವಾಮಿ ಇಷ್ಟು ಹೊತ್ತು ಫೋಟೋದಾಂವನ್ನ ಎಲ್ಲಿ ನಿಲ್ಲಸೂದು ಅಂತ ಕೈ ಮಾಡ್ಕೋತ ನಿಂತಿದ್ದ. ಮೈಕ್ ಕಸಗೊಂಡು, "ಎಂಥಾ ಅದ್ಭುತವಾದ ಮಾತುಗಳು! ಜೋರಾಗಿ ಚಪ್ಪಾಳೆ!" ಅಂದ. ಮಂದಿ ಹೊಡದ್ರು. ಕೆಲವ್ರು ನನ್ನ ಮಾರಿ ನೋಡಲಿಲ್ಲ, ಇನ್ನ ಮ್ಯಾಲೂ ನೋಡೂದಿಲ್ಲ ಅಂತ ಕಾಣತೈತಿ. ನಿಖಿತಾ ಎದ್ದು ಹೋಗಲಿಲ್ಲ. ತಲಿ ಬಗ್ಗಿಸಿ ಶಾಲಿನ ಎಳಿ ಎಣಿಸ್ತಾ ಕುಂತಿದ್ಲು. ಪತ್ರ ಕೊಡಾಕ ಹೋದೆ. ತಗೊಂಡ್ಲು.

ನಾ ನೆಟ್ಟಗ ಊಟದ ಕ್ವಾಣಿಗೆ ಹೋದೆ. ಡ್ರಮ್ಮು ಬಿಚ್ಚಿ ಕಟ್ಟಾಕ ಮುಕ್ಕಾಲು ತಾಸು ಹತ್ತತೈತಿ ಅಂತ ಶುಕ್ರವಾರ ನೋಡಿದ್ದೆ. ಮುಕ್ಕಾಲು ತಾಸಿನ್ಯಾಗ ಈ ಕಮಿಟಿ ಏನೂ ಉಳಸೂದಿಲ್ಲ. ಒಂದ ಡಬ್ಬಿ ಹೋಳಗಿ ತಗೊಂಡೆ, ಮೂಲಿ ಮೇಜಿನ ಮ್ಯಾಲ ನಾಕ ಎಲಿ ಹಾಸಿದೆ, ಡಬ್ಬಿ ಮುಂದಿಟ್ಕೊಂಡು ಕಾವಲು ಕುಂತೆ. ನಾರಾಯಣಸ್ವಾಮಿ ಮೊದಲ ಪಂಕ್ತಿ ಮುಗಿಸಿ, ಎರಡನೇ ಸಲಕ್ಕ ತಟ್ಟಿ ಹಿಡ್ಕೊಂಡು ಬಂದ.

"ಸಾರ್, ಅಲ್ಲಿ ಖಾಲಿ ಆಯ್ತು. ಇದರಲ್ಲಿ ಎರಡು ಹಾಕಿ."

"ನಿಮ್ಮ ಮನವಿ ಪರಿಶೀಲಿಸಲಾಗಿದೆ," ಅಂದೆ. "ಕಾರಣ ತೃಪ್ತಿಕರವಾಗಿಲ್ಲ. ಈ ನಿರ್ಧಾರ ಅಂತಿಮ."

ತಮಾಷಿ ಅಂತ ನಕ್ಕ. ನಾ ಮುಚ್ಚಳ ತಗೀಲಿಲ್ಲ. ಮಾರಿ ಕೆಂಪಗ ಮಾಡ್ಕೊಂಡು ಹೋದ. ಮುಂದಿನ ವರ್ಷ ಪತ್ರ ಬರಿಯಾಕ ನನ್ನ ಕರಿಯೂದಿಲ್ಲ, ಬ್ಯಾಡ.

ನಾಕೂ ಮಂದಿ ಬೆವರು ಒರಸ್ಕೋತ ಬಂದ್ರು. ಯೋಸ್ಟ್ ಪೇಟ ಇನ್ನೂ ತಲಿಮ್ಯಾಲ ಇತ್ತು. ಕುಂದ್ರಿಸಿದೆ, ಒಬ್ಬೊಬ್ಬರಿಗೆ ಎರಡೆರಡು ಹೋಳಗಿ ನೀಡಿದೆ. ಗಿರಿಜಾ ದೂರ ನಿಂತು ನೋಡ್ತಿದ್ಲು, ಸಹಾಯಕ್ಕ ಬರಲಿಲ್ಲ. ನಿಖಿತಾ ಹೋಳಗಿ ನೋಡಿದ್ಲು, ಎಲಿ ನೋಡಿದ್ಲು, ನನ್ನ ನೋಡಿದ್ಲು.

"ಅಪ್ಪಾ," ಅಂದ್ಲು, "ತುಪ್ಪ ಎಲ್ಲಿ?"

ಕನ್ನಡದಾಗ.

ತುಪ್ಪ ಮರತಿದ್ದೆ. ಎಲ್ಲಾ ಕಾದು ಇಟ್ಟು, ತುಪ್ಪ ಮರತಿದ್ದೆ! ಹಾಲ್‌ನ್ಯಾಗ ಇದ್ದದ್ದು ಒಂದ ತುಪ್ಪದ ಡಬ್ಬಿ, ಅದು ಯಾರ ಕೈಯಾಗ ಇರಬೇಕು? ಕೌನ್ಸಿಲರಿಗೆ ಬಡಿಸ್ಕೋತ ನಿಂತಿದ್ದ ನಾರಾಯಣಸ್ವಾಮಿ ಕೈಯಾಗ. ಹೋದೆ. ಇಪ್ಪತ್ತಾರು ವರ್ಷ ಮಂದಿ ತಮ್ಮ ಅರ್ಜಿಯೊಳಗ ನನ್ನ ಮುಂದ ಹೆಂಗ ನಿಂದ್ರತಿದ್ರೋ ಹಂಗ ಅವನ ಮುಂದ ಎರಡೂ ಕೈ ಕಟ್ಕೊಂಡು ನಿಂತೆ.

"ತುಪ್ಪ ಕೊಡ್ರಿ," ಅಂದೆ.

"ಯಾಕ್ ಕೊಡ್ಬೇಕು ಸಾರ್?" ಅಂದ, ಹೋಳಗಿ ಸಿಟ್ಟು ಇನ್ನೂ ಇತ್ತು.

"ಮಗಳು ಕೇಳ್ಯಾಳ."

ನನ್ನ ಮಾರಿ ಒಂದ ಗಳಿಗಿ ನೋಡಿದ. ದಾಖಲೆ ಕೇಳಲಿಲ್ಲ. ಡಬ್ಬಿನ ಕೊಟ್ಟ.